ಮುಧೋಳ ನಾಯಿ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರಿನಿಂದ ಪ್ರಸಿದ್ಧವಾದ ದೇಶಿ ಬೇಟೆನಾಯಿ ತಳಿ. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ನಾಯಿಗಳ ವರ್ಗಕ್ಕೆ ಸೇರಿದೆ. ಕ್ಯಾರವಾನ್ ಹೌಂಡ್ ಎಂಬ ಹೆಸರೂ ಇದೆ. ಪಶ್ಚಿಮ ಮತ್ತು ಮಧ್ಯ ಏಷ್ಯಾದಿಂದ ಬಂದ ಬೇಟೆನಾಯಿಗಳು ಇದರ ಮೂಲವೆಂದು ನಂಬಲಾಗಿದೆ. ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ ತಳಿಯನ್ನು ಪೋಷಿಸಿ, ಬ್ರಿಟಿಷ್ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದ.

ಲಕ್ಷಣಗಳು: ನೀಳ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಉದ್ದ ಕಾಲು, ಗಿಡ್ಡ ಕೂದಲು, ಗಂಡಿನ ಎತ್ತರ ಸುಮಾರು 70 ಸೆಂ.ಮೀ. ಒಡೆಯನಿಗೆ ನಿಷ್ಠ, ಅಪರಿಚಿತರಿಂದ ದೂರ.

ಸಾಕಣೆ: ದಿನವೂ ಓಡಲು ವಿಶಾಲ ಬಯಲು ಬೇಕು, ಸದಾ ಕಟ್ಟಿಹಾಕುವುದು ತಕ್ಕುದಲ್ಲ. ಮೈ ತೆಳುವಾಗಿರುವುದು ಸಹಜ ಲಕ್ಷಣ, ಅತಿಯಾಗಿ ಉಣಿಸಬಾರದು. ಕೂದಲಿನ ಆರೈಕೆ ಸುಲಭ. ಚಳಿಯಲ್ಲಿ ಬೆಚ್ಚನೆಯ ಹಾಸು ಬೇಕು. ಉಣ್ಣಿ ನಿಯಂತ್ರಣ, ಜಂತುನಾಶಕ, ರೇಬಿಸ್ ಲಸಿಕೆ ಅಗತ್ಯ. ಬೆಂಗಳೂರಿನಂಥ ನಗರಗಳ ಇಕ್ಕಟ್ಟಾದ ಮನೆಗಳಿಗಿಂತ ಹೊಲ, ತೋಟಗಳಿಗೆ ಹೆಚ್ಚು ಹೊಂದುತ್ತದೆ.

ಮಹತ್ವ: 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ಹೊರತಂದಿತು. ಭಾರತೀಯ ಸೇನೆ ಇದನ್ನು ತರಬೇತಿಗೆ ಆಯ್ದುಕೊಂಡಿದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಮುಧೋಳ ಸಮೀಪದ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರ ತಳಿಶುದ್ಧಿಯನ್ನು ಕಾಪಾಡುತ್ತಿದೆ.