ಸೊಮಾಲಿ ತಾಯಂದಿರ ಲೆಕ್ಕದಲ್ಲಿ ಎದೆಹಾಲು

ಸೊಮಾಲಿಯಾ ಕುರಿತ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಒಂದು ಇಳಿಕೆ. ಯಾವುದಾದರೊಂದು ಗರ್ಭನಿರೋಧ ವಿಧಾನ ಅನುಸರಿಸುವ ವಿವಾಹಿತ ಹೆಂಗಸರು 2006ರ ಯುನಿಸೆಫ್ ಸಮೀಕ್ಷೆಯಲ್ಲಿ ಶೇ. 15ರಷ್ಟಿದ್ದರು, 2020ರಲ್ಲಿ ಪ್ರಕಟವಾದ ರಾಷ್ಟ್ರೀಯ ಆರೋಗ್ಯ ಮತ್ತು ಜನಸಂಖ್ಯಾ ಸಮೀಕ್ಷೆಯಲ್ಲಿ ಶೇ. 7. ದಕ್ಷಿಣದ ಕೆಲವು ಸಂಘರ್ಷಪೀಡಿತ ಪ್ರದೇಶಗಳಿಗೆ ಎರಡನೆಯ ಸಮೀಕ್ಷೆಯವರು ಹೋಗಲಾಗಲಿಲ್ಲ. ಹಾಗಾಗಿ ಎರಡನ್ನೂ ನೇರವಾಗಿ ಹೋಲಿಸುವುದು ಸರಿಯಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ: ಆ ಶೇ. 15ರಲ್ಲಿ ಯಾರಿದ್ದರು?

ಉತ್ತರಕ್ಕಾಗಿ ವಿಧಾನವಾರು ಕೋಷ್ಟಕಕ್ಕೆ ಹೋದೆ. ಮಾತ್ರೆ, ಚುಚ್ಚುಮದ್ದು, ವಂಕಿ, ಕಾಂಡೋಮ್ ಎಲ್ಲವನ್ನೂ ಸೇರಿಸಿದರೂ ಆಧುನಿಕ ವಿಧಾನಗಳ ಪಾಲು 2006ರಲ್ಲಿ ಸುಮಾರು ಶೇ. 1. 2020ರಲ್ಲೂ ಅಷ್ಟೇ. 2006ರ ಆ ಶೇ. 15ರಲ್ಲಿ ಉಳಿದವರ ಪೈಕಿ ಹೆಚ್ಚಿನವರು ನೆಚ್ಚಿಕೊಂಡಿದ್ದುದು ಎದೆಹಾಲನ್ನು. ಮಗು ಮೊಲೆ ಉಣ್ಣುವಷ್ಟು ಕಾಲ ಬಸಿರು ನಿಲ್ಲುವುದಿಲ್ಲ ಎಂಬ ಈ ನಂಬಿಕೆಯನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ, ಆದರೆ ಮೂರು ಷರತ್ತಿನ ಮೇಲೆ. ಮಗುವಿಗೆ ಆರು ತಿಂಗಳು ತುಂಬಿರಬಾರದು. ತಾಯಿಗೆ ಮುಟ್ಟು ಮರಳಿರಬಾರದು. ಮಗುವಿಗೆ ಹಗಲು ರಾತ್ರಿ ಎದೆಹಾಲನ್ನೇ ಉಣಿಸುತ್ತಿರಬೇಕು.

ಮೂರನೆಯ ಷರತ್ತನ್ನು ಹಿಡಿದು ಅದೇ 2006ರ ವರದಿಯಲ್ಲಿ ಶಿಶುಗಳ ಆಹಾರದ ಅಧ್ಯಾಯ ತೆರೆದೆ. ಆರು ತಿಂಗಳೊಳಗಿನ ಶಿಶುಗಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವು ಕೇವಲ ಶೇ. 9. ಹುಟ್ಟಿದ ಕೆಲವೇ ದಿನಗಳಲ್ಲಿ ಸಕ್ಕರೆ ನೀರು, ಆಮೇಲೆ ಒಂಟೆಯ ಅಥವಾ ಮೇಕೆಯ ಹಾಲು ಕೊಡುವುದು ಅಲ್ಲಿ ಹಿಂದಿನಿಂದ ಬಂದ ರೂಢಿ. ಒಂದೇ ವರದಿಯ ಎರಡು ಅಧ್ಯಾಯಗಳು ಒಂದರ ಮುಖ ಒಂದು ನೋಡದೆ ಕುಳಿತಿದ್ದವು. ಮಕ್ಕಳ ನಡುವೆ ಅಂತರ ಬೇಕೆಂದು ಈ ತಾಯಂದಿರು ಎದೆಹಾಲನ್ನು ನಂಬಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಆ ರಕ್ಷಣೆ ಸಿಗುತ್ತಿರಲಿಲ್ಲ. 2020ರ ಹೊತ್ತಿಗೆ ಆ ಶೇ. 9 ಶೇ. 34ಕ್ಕೆ ಏರಿತ್ತು. ಒಳ್ಳೆಯ ಏರಿಕೆಯೇ, ಆದರೂ ಮೂರರಲ್ಲಿ ಒಂದು ಶಿಶುವಿನ ಮಾತು ಅಷ್ಟೆ.

ಈ ತಾಯಂದಿರನ್ನು ಕುಟುಂಬ ಯೋಜನೆಯ ವಿರೋಧಿಗಳು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎರಡು ವರ್ಷ ಮೊಲೆಯುಣಿಸುವ ಮಾತು ಕುರಾನಿನಲ್ಲೇ ಇದೆ. ಹೀಗಾಗಿ ಹೆರಿಗೆಗಳ ನಡುವೆ ಅಂತರ ಇಡುವುದು ಅವರಿಗೆ ಧರ್ಮಕ್ಕೆ ಒಪ್ಪುವ ನಡೆ. ದೇವರು ಕೊಡುವ ಮಕ್ಕಳು ಇಷ್ಟೇ ಸಾಕು ಎಂದು ತಾವೇ ಗೆರೆ ಎಳೆಯುವುದು ಮಾತ್ರ ಬಹಳ ಮಂದಿಗೆ ಒಪ್ಪಿತವಲ್ಲ. 2020ರ ಸಮೀಕ್ಷೆಯಲ್ಲಿ ಶೇ. 37ರಷ್ಟು ವಿವಾಹಿತೆಯರು ಸದ್ಯಕ್ಕೆ ಮಗು ಬೇಡ ಅಥವಾ ಇನ್ನು ಬೇಡವೇ ಬೇಡ ಎನ್ನುವವರು, ಆದರೆ ಯಾವ ವಿಧಾನವನ್ನೂ ಬಳಸದವರು. ಒಬ್ಬ ಹೆಂಗಸಿಗೆ ಸರಾಸರಿ 6.9 ಹೆರಿಗೆ, ಲಕ್ಷ ಜೀವಂತ ಜನನಕ್ಕೆ 692 ತಾಯಂದಿರ ಸಾವು ಅದೇ ಸಮೀಕ್ಷೆಯಲ್ಲಿ ಕಂಡ ನಾಡಿನಲ್ಲಿ ಈ ಶೇ. 37 ದೊಡ್ಡ ಅಳಲು.

ಆಧುನಿಕ ವಿಧಾನಗಳ ಬಳಕೆ ಇಷ್ಟು ಕಡಿಮೆ ಇರಲು ಸೊಮಾಲಿಯಾದ ಅಂತರ್ಯುದ್ಧವೊಂದೇ ಕಾರಣವೇ? ಇದನ್ನು ನೋಡಲು ಗಡಿಯಾಚೆಯ ಕೆನ್ಯಾದ ದಾಖಲೆ ತೆಗೆದೆ. 2022ರಲ್ಲಿ ಅಲ್ಲಿನ ವಿವಾಹಿತೆಯರಲ್ಲಿ ಶೇ. 57 ಮಂದಿ ಆಧುನಿಕ ವಿಧಾನ ಬಳಸುತ್ತಿದ್ದರು. ಆದರೆ ಅದೇ ಕೆನ್ಯಾದಲ್ಲಿ ಸೊಮಾಲಿಗಳೇ ಹೆಚ್ಚಿರುವ ಮಂಡೇರಾದಲ್ಲಿ ಶೇ. 2, ವಾಜಿರ್‌ನಲ್ಲಿ ಶೇ. 3, ಗಾರಿಸ್ಸಾದಲ್ಲಿ ಶೇ. 11. ದಶಕಗಳಿಂದ ಸರ್ಕಾರದ ಕಣ್ಣಿಗೆ ಬೀಳದ ಒಣ ಸೀಮೆಗಳಿವು ಎಂಬುದೂ ನಿಜ. ಆದರೆ ಆಸ್ಪತ್ರೆ ಹತ್ತಿರವಿರುವ ಫಿನ್ಲೆಂಡ್ ಮತ್ತು ಓಸ್ಲೋದ ಸೊಮಾಲಿ ಹೆಂಗಸರೊಂದಿಗೆ ನಡೆದ ಅಧ್ಯಯನಗಳಲ್ಲೂ ಧರ್ಮಶ್ರದ್ಧೆ, ಗಂಡನ ನಿಲುವು ಮುಖ್ಯವಾಗಿ ಕಾಣುತ್ತವೆ. ಓಸ್ಲೋದಲ್ಲಿ ಅಡ್ಡಪರಿಣಾಮಗಳ ಭಯವೂ ಜೊತೆಗಿದೆ. ಮಾತ್ರೆ ನುಂಗಿದರೆ ಮುಂದೆ ಮಕ್ಕಳೇ ಆಗಲಿಕ್ಕಿಲ್ಲ ಎಂಬ ಅಂಜಿಕೆಯನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಐದು ವರ್ಷ ತುಂಬುವ ಮೊದಲೇ ಮಕ್ಕಳು ಸಾಯುವುದು ಹೆಚ್ಚಿರುವ, ಗಂಡ ಇನ್ನೊಂದು ಮದುವೆಯಾಗಬಹುದಾದ ಸಮಾಜದಲ್ಲಿ ಹೆಣ್ಣಿನ ಸ್ಥಾನ ನಿಂತಿರುವುದೇ ಮಕ್ಕಳ ಮೇಲೆ.

ಹಾಗಾದರೆ ಮಾತು ಎಲ್ಲಿಂದ ಶುರುವಾಗಬೇಕು? ಅವರು ಈಗಾಗಲೇ ನಂಬಿರುವ ಎದೆಹಾಲಿನಿಂದ. 2020ರ ಸಮೀಕ್ಷೆಯಂತೆ ಸೊಮಾಲಿಯಾದಲ್ಲಿ ಆಸ್ಪತ್ರೆಯಲ್ಲಿ ಆದ ಹೆರಿಗೆಗಳು ಶೇ. 21 ಮಾತ್ರವಾದ್ದರಿಂದ ಈ ಮಾತು ಬಾಣಂತಿಯ ಮನೆಗೇ ಹೋಗಬೇಕು; ತರಬೇತಿ ಪಡೆದ ಸೂಲಗಿತ್ತಿ ಮೂರು ಷರತ್ತುಗಳನ್ನೂ ಬಿಡಿಸಿ ಹೇಳಬೇಕು, ಗಂಡನೂ ಕೂತು ಕೇಳಬೇಕು, ಆಯ್ಕೆ ಮಾತ್ರ ಅವಳದಾಗಿರಬೇಕು. ಹೆರಿಗೆಗಳ ನಡುವೆ ಅಂತರ ಇರಲಿ ಎಂಬ ನಿರ್ಧಾರವನ್ನು ಈ ತಾಯಿ ಯಾರೂ ಹೇಳದೆಯೇ ಮಾಡಿಕೊಂಡಿದ್ದಾಳೆ. ಏಳನೆಯ ತಿಂಗಳಿಂದ ಏನು ಮಾಡಬೇಕು ಎಂದು ಹೇಳುವವರು ಅವಳ ಮನೆ ಬಾಗಿಲಿಗೆ ಬರಬೇಕು.