ಕಂಕಭಟ್ಟನ ಹಿನ್ನೆಲೆ

ಅಜ್ಞಾತವಾಸಕ್ಕೆಂದು ವಿರಾಟನಗರಕ್ಕೆ ಬಂದ ಧರ್ಮರಾಯ ತನ್ನನ್ನು ಪರಿಚಯಿಸಿಕೊಳ್ಳುವ ರೀತಿ ಗಮನಿಸುವಂಥದ್ದು. ತಾನು ವೈಯಾಘ್ರಪದ್ಯ ಗೋತ್ರದ ಬ್ರಾಹ್ಮಣ, ಹೆಸರು ಕಂಕ, ಹಿಂದೆ ಯುಧಿಷ್ಠಿರನ ಗೆಳೆಯನಾಗಿದ್ದೆ, ದಾಳ ಹಾಕುವುದರಲ್ಲಿ ನಿಪುಣ ಎನ್ನುತ್ತಾನೆ. ಜೂಜಿನ ವಿಷಯದಲ್ಲಿ ಕೀಳು ಜನರೊಡನೆ ತನಗೆ ಜಗಳ ಬರಬಾರದು ಎಂದು ಷರತ್ತನ್ನೂ ಹಾಕುತ್ತಾನೆ. ಹೆಸರು, ಗೋತ್ರ, ಕಸುಬು, ಹಳೆಯ ಗೆಳೆತನ, ಒಂದು ಅಂಜಿಕೆ. ಇಷ್ಟಿದ್ದರೆ ಒಂದು ಪಾತ್ರ ನಿಲ್ಲುತ್ತದೆ. ಜೂಜಿನಲ್ಲಿ ರಾಜ್ಯ ಕಳೆದುಕೊಂಡವನು ತಲೆಮರೆಸಿಕೊಳ್ಳಲು ಜೂಜುಗಾರನ ವೇಷವನ್ನೇ ಏಕೆ ಆರಿಸಿಕೊಂಡ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಇತ್ತೀಚೆಗೆ ಅದು ಮತ್ತೆ ಎದ್ದದ್ದು ಅಕ್ಕನ ಮಗನಿಂದ.

ಅವನು, ಅವನ ನಾಲ್ಕೈದು ಗೆಳೆಯರು ಭಾನುವಾರ ಬಸವೇಶ್ವರನಗರದ ಅಕ್ಕನ ಮನೆಯ ಮಹಡಿಯಲ್ಲಿ ಕೂತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಇದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ, ಎಡವಟ್ಟಾದಾಗ ಇಪ್ಪತ್ತು ಮುಖದ ದಾಳ ತೀರ್ಪು ಹೇಳುತ್ತದೆ. ತಾಳಮದ್ದಳೆ ಕಂಡವರಿಗೆ ಇದು ತೀರಾ ಹೊಸದೆನಿಸದು. ಅಲ್ಲಿ ದಾಳ ಇಲ್ಲ, ಅಷ್ಟೇ. 2014ರ ಆವೃತ್ತಿಯಲ್ಲಿ ಪ್ರತಿ ಪಾತ್ರಕ್ಕೂ ಒಂದು 'ಹಿನ್ನೆಲೆ' ಬೇಕು: ಸ್ವಭಾವ, ಆದರ್ಶ, ಬಂಧ, ದೌರ್ಬಲ್ಯ ಎಂಬ ನಾಲ್ಕು ಖಾನೆ ತುಂಬಬೇಕು. 2019ರ ಒಂದು ಪುಸ್ತಕದಲ್ಲಿ ಜೂಜುಗಾರನೆಂಬ ಹಿನ್ನೆಲೆಯನ್ನು ಸಿದ್ಧವಾಗಿಯೇ ಕೊಟ್ಟಿದ್ದಾರೆ. ನಮ್ಮ ಹುಡುಗ ತನ್ನದೇ ಬರೆದಿದ್ದ. ಅವನ ಜೂಜುಗಾರ ಊರೂರು ಅಲೆಯುವ ಅನಾಥ, ಮಾತಿನಮಲ್ಲ, ಪಂತ ಕಂಡರೆ ಬಿಡಲಾರ. 'ಬಂಧ' ಎಂಬ ಖಾನೆ ಮಾತ್ರ ಖಾಲಿ. ಜೂಜುಗಾರನಿಗೆ ಹಿಂದೆ ಮುಂದೆ ಯಾರೂ ಇರಬಾರದು, ಆಗಲೇ ಮಜಾ ಎಂಬುದು ಅವನ ವಾದ.

ನನ್ನ ತಕರಾರು ಇರುವುದು ಅಲ್ಲೇ. ನಮ್ಮ ಹಳೆಯ ಸಾಹಿತ್ಯದಲ್ಲಿ ಅನಾಥ ಜೂಜುಗಾರ ಸಿಗುವುದು ಅಪರೂಪ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತ ಜೂಜುಗಾರನ ಅಳಲು. ಅದರ ತುಂಬ ಮನೆಯವರೇ. ಹೆಂಡತಿ ದೂರ ತಳ್ಳಿದ್ದಾಳೆ, ಅತ್ತೆ ದ್ವೇಷಿಸುತ್ತಾಳೆ, ತಂದೆ ತಾಯಿ ಅಣ್ಣತಮ್ಮಂದಿರು ಇವನನ್ನು ನಾವರಿಯೆವು, ಕಟ್ಟಿ ಎಳೆದೊಯ್ಯಿರಿ ಎನ್ನುತ್ತಾರೆ. ಅಲ್ಲಿನ ದಾಳ ತಾರೆ ಮರದ ಕಾಯಿ. ನಮ್ಮ ಕಾಡುಗಳಲ್ಲಿ ಬೆಳೆಯುವ, ತ್ರಿಫಲೆಗೆ ಹಾಕುವ ಅದೇ ತಾರೆಕಾಯಿ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಯುಗದ ಹೆಸರುಗಳು ಜೂಜಿನ ಗರಗಳ ಹೆಸರೂ ಹೌದು. ಕೃತ ಗೆಲ್ಲುವ ಗರ, ಕಲಿ ಸೋಲುವ ಗರ.

ಇನ್ನು ಶೂದ್ರಕನ 'ಮೃಚ್ಛಕಟಿಕ'ದ ಸಂವಾಹಕ. ಮೈಯೊತ್ತುವ ಕಸುಬಿನವನು, ಯಜಮಾನ ಬಡವನಾದ ಮೇಲೆ ಜೂಜಿಗೆ ಬಿದ್ದವನು. ಹತ್ತು ಸುವರ್ಣ ಸಾಲ ಮಾಡಿ ಓಡುತ್ತಾನೆ. ಹೆಜ್ಜೆಗುರುತು ದಾರಿ ತಪ್ಪಿಸಲಿ ಎಂದು ಹಿಮ್ಮುಖವಾಗಿ ನಡೆದು ಪಾಳು ಗುಡಿ ಹೊಕ್ಕು ವಿಗ್ರಹದಂತೆ ನಿಲ್ಲುತ್ತಾನೆ. ಬೆನ್ನಟ್ಟಿ ಬಂದವರಿಗೆ ಅನುಮಾನ. ಅವರು ಅವನ ಮುಂದೆಯೇ ಕೂತು ಆಟ ಶುರುಮಾಡುತ್ತಾರೆ. ದಾಳದ ಸದ್ದು ಕೇಳಿದ ವಿಗ್ರಹಕ್ಕೆ ತಡೆಯಲಾಗದೆ ಆಟಕ್ಕಿಳಿಯುತ್ತದೆ. ದೌರ್ಬಲ್ಯ ಎಂಬ ಖಾನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಅವನ ಸಾಲವನ್ನು ವಸಂತಸೇನೆ ತೀರಿಸುತ್ತಾಳೆ, ಅವನು ಬೌದ್ಧ ಭಿಕ್ಷುವಾಗುತ್ತಾನೆ.

ನಮ್ಮ ಮನೆಯಲ್ಲಿ ಇಸ್ಪೀಟಿನ ಕಟ್ಟು ತರುವಂತಿರಲಿಲ್ಲ. ಕಾರಣ, ಕೆಂಗೇರಿ ಕಡೆಯ ಒಂದು ತುಂಡು ಜಮೀನು. ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಬಾಡೂಟದ ಜೊತೆಗೆ ಜೂಜಾಡುವುದು ಹಳೇ ಮೈಸೂರು ಸೀಮೆಯಲ್ಲಿ ಹಬ್ಬದ ಭಾಗವೇ ಆಗಿಹೋಗಿದೆ. ಪೊಲೀಸರ ದಾಳಿಯ ಸುದ್ದಿ ಪತ್ರಿಕೆಗಳಲ್ಲಿ ವರ್ಷವರ್ಷವೂ ಬರುತ್ತದೆ. ಹಾಗೊಂದು ಹಬ್ಬದಲ್ಲಿ ಶುರುವಾದ ಅಂದರ್ ಬಾಹರ್ ನಮ್ಮ ದೊಡ್ಡಪ್ಪನಿಗೆ ಹಬ್ಬದ ಜೊತೆ ಮುಗಿಯಲಿಲ್ಲ. ಮಾರಿದ ಸಂಗತಿ ದೊಡ್ಡಮ್ಮನಿಗೆ ತಿಳಿದದ್ದು ಕೊಂಡವರು ಬೇಲಿ ಹಾಕಲು ಬಂದ ದಿನ. ಹಾಗಾಗಿ ಮಗ ಜೂಜುಗಾರನ ಪಾತ್ರ ಬರೆಯುತ್ತಿದ್ದಾನೆಂದಾಗ ಅಕ್ಕನ ಮುಖ ಸಪ್ಪೆಯಾದದ್ದು ಆಟದ ಬಗೆಗಿನ ಅಜ್ಞಾನದಿಂದಲ್ಲ. ಹುಡುಗನಿಗೆ ಈ ಕಥೆ ಯಾರೂ ಹೇಳಿರಲಿಲ್ಲ, ನಾನು ಹೇಳಿದೆ.

ಹೇಳದೆ ಹೋದ ಹೆಂಡತಿಯ ಪ್ರಶ್ನೆಯೇ ಸಭಾಪರ್ವದ ಕೇಂದ್ರ. ಕರೆಯಲು ಬಂದ ಪ್ರಾತಿಕಾಮಿಯನ್ನು ದ್ರೌಪದಿ ವಾಪಸು ಕಳಿಸುತ್ತಾಳೆ: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ, ಕೇಳಿ ಬಾ. ಇಡೀ ಸಭೆಗೆ ನೆಟ್ಟಗೆ ಉತ್ತರಿಸಲಾಗುವುದಿಲ್ಲ. ಇದೇ ಗಳಿಗೆಯನ್ನು ನಳನ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಆಪ್ತವಾದ ಕಥೆ ಅದು. ಮಹಾಭಾರತದಲ್ಲಿ ಪುಷ್ಕರ ಎಲ್ಲವನ್ನೂ ಗೆದ್ದ ಮೇಲೆ ದಮಯಂತಿಯನ್ನು ಪಣಕ್ಕಿಡು ಎನ್ನುತ್ತಾನೆ. ನಳ ಇಡುವುದಿಲ್ಲ, ಉಟ್ಟ ಬಟ್ಟೆಯಲ್ಲಿ ಎದ್ದು ಹೋಗುತ್ತಾನೆ. ಕಲಿ ಮೈಯೊಳಗೆ ಹೊಕ್ಕವನಿಗೂ ಅಷ್ಟು ಗಡಿ ಗೊತ್ತಿತ್ತು, ಧರ್ಮರಾಯನಿಗೆ ಗೊತ್ತಿರಲಿಲ್ಲ. ಇದನ್ನು ವಿಧಿಯ ತಲೆಗೆ ಕಟ್ಟುವ ವ್ಯಾಖ್ಯಾನಗಳು ನನಗೆ ಒಪ್ಪಿಗೆಯಿಲ್ಲ.

ನಳನನ್ನು ಉಳಿಸುವುದು ಲೆಕ್ಕ. ರಥ ಓಡುತ್ತಿರುವಾಗಲೇ ಋತುಪರ್ಣ ಒಂದು ತಾರೆ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ನಳ ಮರ ಕಡಿದು ಎಣಿಸಿದರೆ ಸರಿಯಾಗಿದೆ! ಕುದುರೆಯ ವಿದ್ಯೆಗೆ ಬದಲಾಗಿ ಅಕ್ಷಹೃದಯ ಸಿಗುತ್ತದೆ, ಕಲಿ ಹೊರಬಂದು ಅದೇ ಜಾತಿಯ ಮರ ಸೇರುತ್ತಾನೆ. ಕೊಂಬೆ ನೋಡಿ ಮರ ಅಂದಾಜಿಸುವ ಈ ಪ್ರಸಂಗವನ್ನು ಸಂಭವನೀಯತೆಯ ಚರಿತ್ರೆ ಬರೆದ ಇಯಾನ್ ಹ್ಯಾಕಿಂಗ್ ಕೂಡ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅರಣ್ಯಪರ್ವದಲ್ಲಿ ಈ ಕಥೆಯನ್ನು ಧರ್ಮರಾಯನಿಗೆ ಹೇಳುವ ಬೃಹದಶ್ವ, ಕೊನೆಯಲ್ಲಿ ಅಕ್ಷಹೃದಯವನ್ನೂ ಕಲಿಸಿಕೊಡುತ್ತಾನೆ. ಅಂದರೆ ವಿರಾಟನಗರಕ್ಕೆ ಬಂದ ಕಂಕ ಹಸ್ತಿನಾವತಿಯಲ್ಲಿ ಸೋತವನಲ್ಲ, ಆಟ ಕಲಿತು ಬಂದವನು. ವಿರಾಟನಿಗೆ ತಿಳಿಯದಂತೆ ಗೆದ್ದ ಹಣವನ್ನು ತಮ್ಮಂದಿರಿಗೆ ಹಂಚುತ್ತಾನೆ. ಅವನ ಬಂಧದ ಖಾನೆ ಈಗ ಭರ್ತಿ.

ಅಕ್ಷಹೃದಯದ ಒಂದು ಚೂರನ್ನು ಮನೆಯಲ್ಲೇ ಕಾಣಬಹುದು. ಒಂದು ಮಗ್ಗುಲು ಬಿಳಿಯಾಗುವಂತೆ ಉಜ್ಜಿದ ನಾಲ್ಕು ಹುಣಸೆ ಬೀಜ ತೆಗೆದುಕೊಳ್ಳಿ, ಚೌಕಾಬಾರಕ್ಕೆ ಹಾಕುವಂತೆ ಹಾಕಿ. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಎಂದುಕೊಂಡರೆ ಎರಡರ ಗರ 16ರಲ್ಲಿ 6 ಸಲ, ಒಂದು ಮತ್ತು ಮೂರು ತಲಾ 4 ಸಲ ಬರಬೇಕು. ನಾಲ್ಕೂ ಬಿಳಿಯಾಗುವ ಚೌಕ, ನಾಲ್ಕೂ ಕಪ್ಪಾಗುವ ಬಾರ ತಲಾ ಒಂದೇ ಸಲ. ಇಪ್ಪತ್ತು ಮುಖದ ದಾಳದಲ್ಲಿ ಒಂದಕ್ಕೂ ಇಪ್ಪತ್ತಕ್ಕೂ ಒಂದೇ ಅವಕಾಶ, ನೂರಕ್ಕೆ ಐದು. ಬೀಜದಾಟಕ್ಕೆ ನಡುವೆ ಒಂದು ಗುಡ್ಡವಿದೆ, ಆ ಗುಡ್ಡ ಅರಿತವನು ಕಾಯಿ ನಡೆಸುವ ರೀತಿಯೇ ಬೇರೆ. ತಮ್ಮ ಜೂಜುಗಾರನಿಗೆ ಬೀಜ ಕೊಡಿ ಎಂದೆ. ಕಥೆ ನಡೆಸುವ ಹುಡುಗಿ ತಕ್ಷಣ ಒಪ್ಪಿದಳು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಇದಕ್ಕೆಲ್ಲ ತಿರುವುಮುರುವಾದ ಬದುಕು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರ ಆಸಕ್ತಿ ಹರಿದ ದಿಕ್ಕುಗಳಲ್ಲಿ ಆಟವೂ ಒಂದು: ಚದುರಂಗದ ಕುದುರೆನಡೆ, ಹಲಗೆಯಾಟಗಳು, ಗಂಜೀಫಾ. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಸಾಮಾನ್ಯ ದಶಾವತಾರ ಗಂಜೀಫಾದಲ್ಲಿ 120 ಎಲೆ ಇದ್ದರೆ ಇವರು ಅದಕ್ಕೂ ದೊಡ್ಡ ಕಟ್ಟುಗಳನ್ನು ಕಲ್ಪಿಸಿದರು. ಆಡಿ ರಾಜ್ಯ ಕಳೆದುಕೊಂಡವನ ಕಥೆ ನಮಗೆ ಗೊತ್ತು. ಇವರು ರಾಜ್ಯ ಕಳೆದುಕೊಂಡ ಮೇಲೆ ಆಡಿದರು.

ಪ್ರಭುತ್ವಕ್ಕೆ ಮಾತ್ರ ಜೂಜಿನೊಡನೆ ಎಂದೂ ಸ್ಪಷ್ಟ ನಿಲುವಿಲ್ಲ. ಅರ್ಥಶಾಸ್ತ್ರದ ದ್ಯೂತಾಧ್ಯಕ್ಷ ಗೆದ್ದದ್ದರಲ್ಲಿ ನೂರಕ್ಕೆ ಐದು ವಸೂಲು ಮಾಡುತ್ತಿದ್ದ. ನಮ್ಮ ಸರ್ಕಾರ ತಾನೇ ಲಾಟರಿ ನಡೆಸಿ 2007ರಲ್ಲಿ ನಿಲ್ಲಿಸಿತು. 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರೆ 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ನಿಷೇಧದ ಕಾಯ್ದೆ ತಂದಿತು. ಈಗಿನ ದೊಡ್ಡಪ್ಪಂದಿರಿಗೆ ಹಬ್ಬವೂ ಬೇಕಿರಲಿಲ್ಲ, ಮೊಬೈಲು ಸಾಕಿತ್ತು.

ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ವಾಡಿಕೆ ನಮ್ಮಲ್ಲಿದೆ. ಅದರಲ್ಲಿ ಉತ್ತರಕುಮಾರನ ಗೆಲುವಿನ ಸುದ್ದಿ ಬಂದಾಗ ವಿರಾಟ, ಕಂಕ ಪಗಡೆಗೆ ಕೂರುತ್ತಾರೆ. ಮಗನನ್ನು ಹೊಗಳಿದಷ್ಟೂ ಸಲ ಕಂಕ ಬೃಹನ್ನಳೆಯನ್ನು ಹೊಗಳುತ್ತಾನೆ. ರೇಗಿದ ರಾಜ ದಾಳವನ್ನು ಅವನ ಮುಖಕ್ಕೆ ಬೀಸುತ್ತಾನೆ. ಮೂಗಿನಿಂದ ಸುರಿಯುವ ರಕ್ತ ನೆಲಕ್ಕೆ ಬೀಳುವ ಮೊದಲು ಅವನು ಬೊಗಸೆಯೊಡ್ಡಿ ಪಕ್ಕಕ್ಕೆ ನೋಡುತ್ತಾನೆ. ಅಲ್ಲಿ ಸೈರಂಧ್ರಿ ನಿಂತಿದ್ದಾಳೆ, ಹಿಂದೊಮ್ಮೆ ದಾಳಕ್ಕೆ ಸೋತುಹೋದವಳು. ಅವನೇನೂ ಕೇಳುವುದಿಲ್ಲ. ಅವಳು ನೀರು ತುಂಬಿದ ಚಿನ್ನದ ಪಾತ್ರೆ ತಂದು ಹಿಡಿಯುತ್ತಾಳೆ.