ಟಾಫಿ ಮತ್ತು ಹುಳುಕು ಹಲ್ಲು: ಈ ಅರಿವಿಗೆ ಬೆಲೆ ತೆತ್ತವರು ಯಾರು?

ಸಿಹಿ ತಿಂದರೆ ಹಲ್ಲಿಗೆ ಹುಳು ಬೀಳುತ್ತದೆ ಎಂದು ನಾವು ಮಕ್ಕಳನ್ನು ಹೆದರಿಸುತ್ತೇವೆ. ನಿಜವಾಗಿ ಅಲ್ಲಿ ಹುಳು ಇರುವುದಿಲ್ಲ. ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ. ಆ ಆಮ್ಲ ಹಲ್ಲಿನ ಎನಾಮಲ್ ಪದರವನ್ನು ಕರಗಿಸುತ್ತದೆ. ಸಕ್ಕರೆಯ ಪ್ರಮಾಣದಷ್ಟೇ, ಅದನ್ನು ಯಾವಾಗ, ಎಷ್ಟು ಸಲ ತಿನ್ನುತ್ತೇವೆ ಎಂಬುದೂ ಮುಖ್ಯ. ಇದು ನಮಗೆ ತಿಳಿದದ್ದು ಹೇಗೆ?

1945ರಲ್ಲಿ ಸ್ವೀಡನ್ ಸರ್ಕಾರ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಒಂದು ಅಧ್ಯಯನ ಆರಂಭಿಸಿತು. ಅಲ್ಲಿದ್ದವರು ತೀವ್ರ ಬೌದ್ಧಿಕ ವೈಕಲ್ಯವುಳ್ಳವರು. 1947ರ ನಂತರ ಅವರಲ್ಲಿ ಕೆಲವರಿಗೆ ಊಟದ ಜೊತೆ ಸಕ್ಕರೆ ಕೊಟ್ಟರು. ಇನ್ನು ಕೆಲವರಿಗೆ ಹಲ್ಲಿಗೆ ಅಂಟಿಕೊಳ್ಳುವಂತಹ ಟಾಫಿಗಳನ್ನು, ಒಂದು ಗುಂಪಿಗೆ ದಿನಕ್ಕೆ 24ರಂತೆ ಕೊಟ್ಟರು. ಊಟಗಳ ನಡುವೆ ಟಾಫಿ ತಿಂದವರ ಹಲ್ಲುಗಳೇ ಹೆಚ್ಚು ಹಾಳಾದವು. ಖರ್ಚಿನ ಒಂದು ಪಾಲು ಮಿಠಾಯಿ ಉದ್ಯಮದಿಂದ ಬಂದಿತ್ತು. 1954ರಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ರೂಢಿಗೆ ಇದೇ ಹಿನ್ನೆಲೆ.

ಆದರೆ ಆ ರೋಗಿಗಳ ಒಪ್ಪಿಗೆಯನ್ನು ಯಾರೂ ಪಡೆದಿರಲಿಲ್ಲ. ಅದೇ 1947ರಲ್ಲಿ ರೂಪುಗೊಂಡ ನ್ಯೂರೆಂಬರ್ಗ್ ಸಂಹಿತೆಯ ಮೊದಲ ನಿಯಮವೇ, ಮನುಷ್ಯರ ಮೇಲೆ ಪ್ರಯೋಗ ನಡೆಸಲು ಅವರ ಸ್ವಇಚ್ಛೆಯ ಒಪ್ಪಿಗೆ ಬೇಕೇ ಬೇಕು ಎನ್ನುವುದು.

ಸಿಕ್ಕ ಉತ್ತರ ಸರಿ, ಹಿಡಿದ ದಾರಿ ತಪ್ಪು. ದಂತವೈದ್ಯರ ವೃತ್ತಿನೀತಿಗೆ ಇಲ್ಲೊಂದು ಪಾಠವಿದೆ. ಬಾಯಿ ತೆರೆದು ಕುಳಿತ ರೋಗಿ ಮಾತನಾಡಲಾರ. ಹಾಗಾಗಿ ಏನು ಮಾಡುತ್ತೇವೆ, ಏಕೆ, ಬೇರೆ ದಾರಿ ಇದೆಯೇ, ಖರ್ಚೆಷ್ಟು ಎಂಬುದನ್ನು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುವುದು ವೈದ್ಯರ ಹೊಣೆ. ಕೇಳಿ ತಿಳಿದುಕೊಳ್ಳುವುದು ನಮ್ಮ ಹಕ್ಕು.